ಗುಡ್ಡದಿಂದ ಹೊರಸಿನ ಮೇಲೆ

ಅರವತ್ತೊಂಬತ್ತು ತುಂಬುವವರೆಗೆ ನಾನು ಒಬ್ಬಳೇ ಎಲ್ಲಿಗೂ ನಡೆದು ಹೋದವಳಲ್ಲ. ಹೇಳಿದರೆ ಮೊಮ್ಮಗಳು ನಂಬುವುದಿಲ್ಲ. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ಸಂಜೆ ಐದಕ್ಕೆ ವಾಕ್ ಇರುತ್ತಿತ್ತು. ಟೂ ಬೈ ಟೂ ಸಾಲು, ಮುಂದೊಬ್ಬ ಸಿಸ್ಟರ್, ಹಿಂದೊಬ್ಬ ಸಿಸ್ಟರ್, ಪಕ್ಕದವಳ ಕೈ ಬಿಟ್ಟರೆ ರವಿವಾರದ ಕೇಕ್ ಕಟ್. ಹತ್ತೊಂಬತ್ತಕ್ಕೆ ಮದುವೆಯಾಗಿ ನರಗುಂದಕ್ಕೆ ಬಂದೆ. ಇಲ್ಲಿ ಗುಡಿಗೆ ನೆಗೆಣ್ಣಿಯ ಜೊತೆ, ದವಾಖಾನೆಗೆ ಅತ್ತೆಯ ಜೊತೆ, ತವರಿಗೆ ಗಂಡನ ಜೊತೆ. ಕೈ ಹಿಡಿಯುವವರು ಬದಲಾದರು, ಸಾಲು ಅದೇ ಇತ್ತು.

ನಮ್ಮ ಮನೆ ಪೇಟೆಯ ಓಣಿಯಲ್ಲಿದೆ. ಮುಂದೆ ಇಕ್ಕಟ್ಟು, ಒಳಗೆ ಉದ್ದ. ಪಡಸಾಲೆ ದಾಟಿದ ಮೇಲೆ ಬೆಳಕೆಂದರೆ ಬೆಳಕಿಂಡಿಯಿಂದ ಬಿದ್ದದ್ದೇ; ಮಧ್ಯಾಹ್ನ ಹನ್ನೆರಡಕ್ಕೆ ಒಂದು ತಟ್ಟೆಯಷ್ಟು ಬಿಸಿಲು ಅಡಿಗೆಮನೆಯ ನೆಲಕ್ಕೆ ಬಂದು, ಗೋಡೆ ಹತ್ತಿ, ಹೋಗಿಬಿಡುತ್ತದೆ. ಮನೆಯಿಂದ ಐವತ್ತು ಹೆಜ್ಜೆಗೆ ನಮ್ಮ ಅಡತಿ ಅಂಗಡಿ. ರೈತರು ತಂದ ಕಾಳುಕಡಿಯನ್ನು ಮಾರಿಸಿಕೊಡುವ ವ್ಯಾಪಾರ. ಮಾವನವರ ಕಾಲದ್ದು, ಆಮೇಲೆ ನನ್ನ ಭಾವ ಮತ್ತು ನಮ್ಮವರದು, ಈಗ ಮಗನದು. ಆ ಐವತ್ತು ಹೆಜ್ಜೆಯನ್ನು ಮನೆಯ ಹೆಂಗಸರು ಇಡುವ ಪದ್ಧತಿ ಇರಲಿಲ್ಲ. ಊಟದ ಡಬ್ಬಿ ಹೋಗುತ್ತಿತ್ತು, ನಾವು ಹೋಗುತ್ತಿರಲಿಲ್ಲ.

ಗುಡ್ಡ ಮಾತ್ರ ಮಾಳಿಗೆಯ ಮೇಲಿಂದ ಕಾಣುತ್ತಿತ್ತು. ನರಗುಂದದ ಗುಡ್ಡ ಊರಿನ ತಲೆಯ ಮೇಲೆಯೇ ಇದೆ, ಕತ್ತು ಎತ್ತಿದರೆ ಸಾಕು. ಹಪ್ಪಳ ಒಣಹಾಕಲು ಹೋದಾಗೆಲ್ಲ ನೋಡುತ್ತಿದ್ದೆ: ಅರೆಬರೆ ಉಳಿದ ಕೋಟೆಗೋಡೆ, ಅದರ ಮೇಲೆ ಹೋಗುವ ಆಡುಗಳು, ಶ್ರಾವಣದಲ್ಲಿ ಹಸಿರು, ಉಗಾದಿಗೆ ಕಂದು. ಮದುವೆಯಾಗಿ ಬಂದ ವರ್ಷ ಅತ್ತೆಯವರನ್ನು ಕೇಳಿದ್ದೆ, ಒಮ್ಮೆ ಹತ್ತಿ ಬರೋಣವೇ ಎಂದು. "ಅಲ್ಲಿ ನಿಂತ್ರ ಊರಿಗೆಲ್ಲಾ ಕಾಣ್ತೀವಿ. ಸೊಸ್ಯಾರು ಊರಿಗೆ ಕಾಣಬಾರ್ದು," ಎಂದಿದ್ದರು. ಸಿಟ್ಟಿನಿಂದಲ್ಲ. ಉಪ್ಪಿನಕಾಯಿಗೆ ಹಸಿ ಕೈ ಹಾಕಬಾರದು ಎನ್ನುವ ಹಾಗೆ.

ನಮ್ಮವರು ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಒಂದು ಮುಂಜಾನೆ ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಪ್ಲ್ಯಾನ್ ಏನೂ ಇರಲಿಲ್ಲ. ಹಾಲಿನವನು ಬರಲು ಇನ್ನೂ ಹೊತ್ತಿತ್ತು, ಹಿತ್ತಲ ಓಣಿ ನೇರ ಗುಡ್ಡದ ಬುಡಕ್ಕೆ ಹೋಗುತ್ತದೆ, ಕಾಲು ಹೋದವು. ಮೊದಲ ದಿನ ನಲವತ್ತು ಮೆಟ್ಟಿಲು. ಎದೆ ಡವಗುಟ್ಟಿ ಕುಳಿತುಬಿಟ್ಟೆ. ತುದಿ ಮುಟ್ಟಲು ಒಂದು ತಿಂಗಳು ಬೇಕಾಯಿತು.

ತುದಿಯಲ್ಲಿ ಅಂಥದ್ದೇನೂ ಇಲ್ಲ. ಬಿದ್ದ ಗೋಡೆ, ಪಾಪಾಸುಕಳ್ಳಿ, ಪಾಚಿಗಟ್ಟಿದ ಹೊಂಡ, ಯಾರೋ ಹುಡುಗರು ಇದ್ದಿಲಿನಿಂದ ಬರೆದ ಹೆಸರುಗಳು. ಆದರೆ ಗಾಳಿ. ಪೇಟೆಯ ಓಣಿಯಲ್ಲಿ ಐವತ್ತು ವರ್ಷ ಕಾಳಿನ ಧೂಳು ಉಸಿರಾಡಿದವಳಿಗೆ ಆ ಗಾಳಿ ಗಂಟಲಿಗೆ ತಣ್ಣೀರು ಬಿದ್ದ ಹಾಗೆ. ಕೆಳಗೆ ಎರೆಹೊಲ, ಚೌಕ ಚೌಕ, ಕಡಲೆಯದೊಂದು, ಕುಸುಬೆಯದೊಂದು. ನಡುವೆ ಕಾಲುವೆ, ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ. ಹುಬ್ಬಳ್ಳಿ ರಸ್ತೆಯ ಲಾರಿಗಳು ಇರುವೆ ಸಾಲು. ಆಚೆ ಎಲ್ಲೋ ಮಲಪ್ರಭೆ ಇರಬೇಕು. ಹೊಳೆ ಕಾಣುವುದಿಲ್ಲ, ಅದರ ಮೇಲಿನ ಮಂಜು ಕಾಣುತ್ತದೆ. "ವಾಟ್ ಎ ವ್ಯೂ," ಎಂದು ಬಾಯಿಬಿಟ್ಟೇ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ. ಮನೆಯಲ್ಲಿ ಹಾಗೆ ಹೇಳಿದ್ದರೆ ಏನಂದ್ರಿ ಎಂದು ನಾಲ್ಕು ಜನ ಕೇಳುತ್ತಿದ್ದರು.

ಹೀಗೆ ಮೂರು ವರ್ಷ ನಡೆಯಿತು. ಮನೆಯವರಿಗೆ ಗೊತ್ತಾಗಲಿಲ್ಲವೆಂದಲ್ಲ. ಡಾಕ್ಟರು ಶುಗರಿಗೆ ವಾಕಿಂಗ್ ಚಲೋ ಎಂದಿದ್ದರು, ಆ ಒಂದು ಮಾತಿನ ಆಸರೆಯಲ್ಲಿ ನನ್ನ ಗುಡ್ಡ ನಿಂತಿತ್ತು. ಸೊಸೆ ಏನೂ ಅನ್ನುತ್ತಿರಲಿಲ್ಲ. ಅನ್ನುತ್ತಿದ್ದವಳು ನೆಗೆಣ್ಣಿ. ನನ್ನ ಭಾವನ ಹೆಂಡತಿ, ನನಗಿಂತ ಎಂಟು ವರ್ಷ ಹಿರಿಯಳು, ಮನೆಗೆಲ್ಲ ಹಿರಿಯಳು. ಭಾವನವರು ಹೋಗಿ ಹತ್ತು ವರ್ಷವಾಗಿದೆ. ನಾನು ಅಕ್ಕ ಎನ್ನುತ್ತೇನೆ, ಅವಳು ನನ್ನನ್ನು ಸಣ್ಣಕಿ ಎನ್ನುತ್ತಾಳೆ, ಎಪ್ಪತ್ತೆರಡಾದರೂ.

"ಗುಡ್ಡದ ಮ್ಯಾಲ ಏನ್ ಹುಗದಿಟ್ಟೀಯ, ದಿನಾ ನೋಡಿ ಬರಾಕ?" ಎಂದು ಚಪ್ಪಲಿಯ ಧೂಳು ನೋಡಿ ಕೇಳುತ್ತಿದ್ದಳು.

"ಗಾಳಿ ಐತಕ್ಕಾ."

"ಮನ್ಯಾಗ ಫ್ಯಾನ್ ಐತಿ."

ಕಳೆದ ಬೇಸಿಗೆಯ ಕೊನೆಯಲ್ಲಿ ಆದ ಕಥೆ ಇದು. ನನಗೊಂದು ಚಟವಿದೆ. ತುದಿ ಮುಟ್ಟಿದ ಮೇಲೆ ಡ್ರಿಲ್ ಮಾಡುತ್ತೇನೆ. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಗ್ರೌಂಡಿನಲ್ಲಿ ಮಾಡಿಸುತ್ತಿದ್ದದ್ದು: ಆರ್ಮ್ಸ್ ಅಪ್‌ವರ್ಡ್ ಸ್ಟ್ರೆಚ್, ತಲೆಯ ಮೇಲೆ ಕ್ರಾಸ್, ಡೌನ್. ಎಂಟು ಎಣಿಕೆ, ನಾಲ್ಕು ಸಲ. ಪೋಸ್ಚರ್, ಗರ್ಲ್ಸ್, ಪೋಸ್ಚರ್, ಎನ್ನುತ್ತಿದ್ದ ಆ ಮುದುಕಿ ಸಿಸ್ಟರಿನ ದನಿ ಈಗಲೂ ಬೆನ್ನುಮೂಳೆಯಲ್ಲಿದೆ. ಸಾಮಾನ್ಯವಾಗಿ ಹೊಂಡದ ಬದಿಯ ಬಯಲಿನಲ್ಲಿ ಮಾಡುತ್ತಿದ್ದೆ. ಅವತ್ತು ಹೊರಟದ್ದೇ ತಡವಾಗಿತ್ತು, ಅಲ್ಲಿ ಆಡು ತುಂಬಿದ್ದವು. ಹಾಗಾಗಿ ಊರಿನ ಕಡೆಗಿರುವ ಬುರುಜಿನ ಮೇಲೆ ಹೋಗಿ ನಿಂತೆ.

ಎರಡನೆಯ ಎಂಟು ಮುಗಿಯುವ ಹೊತ್ತಿಗೆ ಕೆಳಗೆ ಪೇಟೆಯಲ್ಲಿ ಏನೋ ಗಡಿಬಿಡಿ ಕಂಡಿತು. ನಮ್ಮ ಅಂಗಡಿಯ ಮುಂದೆ ಲಾರಿ ನಿಂತಿತ್ತು, ಬೆಳಗಿನಿಂದ ಚೀಲ ಏರಿಸುತ್ತಿದ್ದರು. ಹಮಾಲರು ಚೀಲ ಬಿಟ್ಟು ಓಡತೊಡಗಿದರು. ನಾಲ್ಕು ಜನ, ಆಮೇಲೆ ಆರು, ಹಿಂದಿನಿಂದ ಬಿಳಿ ಅಂಗಿಯವನೊಬ್ಬ. ಪಾಪ, ಯಾರಿಗೆ ಏನಾಯಿತೋ ಎಂದುಕೊಂಡು ಮೂರನೆಯ ಎಂಟು ಶುರುಮಾಡಿದೆ. ನಾಲ್ಕನೆಯದೂ ಮುಗಿಸಿದೆ. ನೀರು ಕುಡಿದು, ಕಲ್ಲಿನ ಮೇಲೆ ಕುಳಿತು ಹೊಲ ನೋಡುತ್ತಿದ್ದೆ. ಆಗ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು, ಆಮೇಲೆ ಒಂದು ಹೊರಸಿನ ಕಾಲು ಕಂಡಿತು.

ಹಗ್ಗದ ಹೊರಸು. ಅಂಗಡಿಯಲ್ಲಿ ಹಮಾಲರು ಮಧ್ಯಾಹ್ನ ಅಡ್ಡಾಗುವಂಥದು. ಅದನ್ನು ಅಷ್ಟು ಮೆಟ್ಟಿಲು ಹೊತ್ತು ತಂದಿದ್ದರು. ಮುಂದೆ ನಮ್ಮ ಹಿರಿಯ ಹಮಾಲ, ಮೂವತ್ತು ವರ್ಷದಿಂದ ಅಂಗಡಿಯಲ್ಲಿರುವವನು, ಬನಿಯನ್ನು ಬೆವರಿನಿಂದ ಹಿಂಡಿದ ಹಾಗಾಗಿತ್ತು.

"ಅವ್ವಾರ, ಎಲ್ಲಿ ಬಡದೈತ್ರಿ?"

"ಯಾರಿಗೆ?"

"ನಿಮಗರೀ."

ನನಗೆ ಗಾಬರಿಯಾದರೆ ಮೊದಲು ಇಂಗ್ಲಿಷ್ ಬರುತ್ತದೆ. ಇದು ಹುಟ್ಟುಗುಣವಲ್ಲ, ಬೋರ್ಡಿಂಗಿನ ಗುಣ. "ಐ ಆ್ಯಮ್ ಪರ್ಫೆಕ್ಟ್ಲಿ ಆಲ್ ರೈಟ್," ಎಂದೆ.

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಂಗ್ಲೀಷ್ ಹೊಂಟೈತಿ," ಎಂದು ಹಿಂದಿನವನೊಬ್ಬ ಮೆಲ್ಲಗೆ ಹೇಳಿದ. "ತಲಿಗೇ ಬಡದೈತಿ."

ಮಗ ಕೊನೆಗೆ ಬಂದ. ಐವತ್ತರ ಹತ್ತಿರದವನು, ಅಂಗಡಿಯ ಗಾದಿಯ ಮೇಲೆ ಕುಳಿತು ಹೊಟ್ಟೆ ಬೆಳೆಸಿದವನು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿಟ್ಟು ಬಂದಿದ್ದ. ಮಾತಾಡಲು ಉಸಿರಿಲ್ಲ. ನನ್ನ ತಲೆ ಮುಟ್ಟಿದ, ಮೊಣಕೈ ಮುಟ್ಟಿದ, ಪಾದ ಮುಟ್ಟಿದ.

"ಮಕ್ಕೋ ಅವ್ವಾ."

"ಯಾಕ ಮಕ್ಕೊಳ್ಳಿ? ನನಗೇನೂ ಆಗಿಲ್ಲೋ. ಡ್ರಿಲ್ ಮಾಡಾಕತ್ತಿದ್ನಿ."

"ಮಕ್ಕೋ ಅಂದ್ನಿ."

"ಅವ್ವಾರ," ಎಂದ ಹಿರಿಯ ಹಮಾಲ, "ಹೊರಸು ಇಲ್ಲೀತನ ತಂದೇವ್ರಿ. ಬರೇ ಹೊರಸು ಹೊತ್ಕೊಂಡು ಪೇಟ್ಯಾಗ ಇಳದ್ರ ಮಂದಿ ವರ್ಷಗಟ್ಲೆ ಆಡಕೊಂತಾರ್ರಿ."

ನಡೆದೇ ಇಳಿಯುತ್ತೇನೆ ಎಂದು ಹೇಳಬಹುದಿತ್ತು. ಇವತ್ತಿಗೂ ರಾತ್ರಿ ಮಲಗುವ ಮುಂಚೆ ಅದನ್ನೇ ಯೋಚಿಸುತ್ತೇನೆ, ಯಾಕೆ ಹೇಳಲಿಲ್ಲ ಎಂದು. ಮಗ ನನ್ನ ಪಾದ ಹಿಡಿದವನು ಬಿಟ್ಟಿರಲಿಲ್ಲ. ಅವನ ಅಪ್ಪ ಅಂಗಡಿಯಲ್ಲಿ ಕುಸಿದು ಬಿದ್ದ ದಿನ ಅವರ ಪಾದವನ್ನೂ ಹಾಗೆಯೇ ಹಿಡಿದು ಕುಳಿತಿದ್ದ. ನಾನು ಹೊರಸಿನ ಮೇಲೆ ಮಲಗಿದೆ.

ಮಲಗಿದವರಿಗೆ ಆಕಾಶ ಬಿಟ್ಟು ಬೇರೆ ವ್ಯೂ ಇಲ್ಲ. ಮೆಟ್ಟಿಲಿಗೊಮ್ಮೆ ಹೊರಸು ವಾಲುತ್ತಿತ್ತು. ಎರಡು ಸಲ ಏಳಲು ನೋಡಿದೆ. "ಅಲಗಾಡಬ್ಯಾಡ್ರಿ, ತೂಕ ತಪ್ಪತೈತಿ," ಎಂದರು. ಕ್ವಿಂಟಲ್ ಚೀಲಕ್ಕೆ ಹೇಳಿದ ಹಾಗೆ. ಬಿಸಿಲು ಕಣ್ಣಿಗೆ ಬಡಿಯುತ್ತಿದೆ ಎಂದು ಮಗ ತನ್ನ ಕರ್ಚೀಫನ್ನು ನನ್ನ ಮುಖದ ಮೇಲೆ ಹಾಕಿದ. ಅದೇ ದೊಡ್ಡ ತಪ್ಪು.

ನಾಲ್ಕು ಜನರ ಹೆಗಲ ಮೇಲೆ, ಮುಖಕ್ಕೆ ಬಿಳಿ ಬಟ್ಟೆ, ಹಿಂದೆ ಒಂದೇ ಚಪ್ಪಲಿಯಲ್ಲಿ ಮಗ. ಪೇಟೆ ಬೇರೇನು ತಿಳಿದುಕೊಳ್ಳಬೇಕು? ಕರ್ಚೀಫಿನ ಅಂಚಿನಿಂದ ನನಗೆ ಕಂಡಿತು: ಚುರುಮುರಿ ಅಂಗಡಿಯವನು ಎದ್ದು ನಿಂತು ಕೈಮುಗಿದ. ಬಟ್ಟೆ ಅಂಗಡಿಯ ಶಟರ್ ಅರ್ಧಕ್ಕೆ ಇಳಿಯಿತು. ನಮ್ಮ ಓಣಿಯ ಬಾಯಲ್ಲಿ ಯಾರೋ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತು, "ಚಲೋ ಹೆಣಮಗಳು. ಒಬ್ಬರಿಗೆ ಒಂದ್ ಮಾತು ಅಂದಾಕಿ ಅಲ್ಲ," ಎಂದಳು. ಅದನ್ನು ಕೇಳಿ ಏಳಬೇಕೆಂದಿದ್ದವಳು ಏಳಲಿಲ್ಲ ಎಂದರೆ ತಪ್ಪಾಗುತ್ತದೆಯೇ? ಇನ್ನೇನು ಹೇಳುತ್ತಾಳೋ ಕೇಳೋಣ ಎನಿಸಿತು.

ಮನೆಗೆ ತಂದು ಹೊರಸು ಇಳಿಸಿದರು. ಡಾಕ್ಟರು ಬಂದು ನೋಡಿ, ನನಗೇನೂ ಆಗಿಲ್ಲವೆಂದು ಹೇಳಿ, ಮಗನ ಬಿ.ಪಿ. ಜಾಸ್ತಿಯಾಗಿದೆ ಎಂದು ಅವನಿಗೆ ಗುಳಿಗೆ ಕೊಟ್ಟು ಹೋದರು. ಅಷ್ಟರಲ್ಲಿ ಸುದ್ದಿ ರೋಣಕ್ಕೆ ಮುಟ್ಟಿತ್ತು. ಸೊಸೆಯ ತವರು ರೋಣ. ಬೀಗರು ಫೋನು ಮಾಡಿ ಕೇಳುವ ಬದಲು ಗಾಡಿ ಮಾಡಿಕೊಂಡು ಹೊರಟೇ ಬಿಟ್ಟಿದ್ದರು. ಸಾವಿನ ಮನೆಗೆ ಫೋನು ಮಾಡಿ ಹೌದೇನ್ರಿ ಎಂದು ಕೇಳುವುದು ಹೇಗೆ? ಹನ್ನೊಂದಕ್ಕೆ ಬೀಗತಿ ಬಾಗಿಲಲ್ಲೇ ದನಿ ತೆಗೆದು ಅಳುತ್ತ ಒಳಗೆ ಬಂದರು. ನಾನು ಪಡಸಾಲೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ.

ಅವರ ದನಿ ಅರ್ಧಕ್ಕೆ ನಿಂತಿತು. "ಅಯ್ಯ ನನ್ನವ್ವ. ಇದ್ದೀರೇನ್ರಿ?"

"ಇದ್ದೀನ್ರಿ. ಬರ್ರಿ, ಉಪ್ಪಿಟ್ಟು ಬಿಸಿ ಐತಿ."

ಎಲ್ಲರೂ ನಕ್ಕರು. ಸೊಸೆ ನಗುತ್ತ ಅತ್ತಳು. ನಗದೆ ಇದ್ದವಳು ಅಕ್ಕ ಒಬ್ಬಳೇ. ಕಂಬಕ್ಕೆ ಒರಗಿ ಕುಳಿತಿದ್ದಳು. ನಗುವೆಲ್ಲ ಮುಗಿದ ಮೇಲೆ ಹೇಳಿದಳು:

"ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಂತಾರ, ಅದು ಚಲೋನ ಆತು. ಆದ್ರ ಹೆಣದಂಗ ಊರಾಗ ಬಂದಾಕಿ. ಶಾಂತಿ ಆಗೂತನ ಹೊಸ್ತಿಲಾ ದಾಟೂಹಂಗಿಲ್ಲ."

"ಅಕ್ಕಾ, ನಾ ಸತ್ತಿಲ್ಲ."

"ನೀ ಸತ್ತಿಲ್ಲ ಅನ್ನೂದು ನಮಗ ಗೊತ್ತೈತಿ. ಹೆಗಲ ಮ್ಯಾಲ ಬಂದದ್ದು ಖರೇ ಅಲ್ಲೇನ?"

ಭಟ್ಟರಿಗೆ ಫೋನು ಹೋಯಿತು. ಭಟ್ಟರು ಪಂಚಾಂಗ ನೋಡಿ, ಇನ್ನು ಮೂರು ದಿನಕ್ಕೆ ಅಧಿಕ ಮಾಸ ಹಿಡಿಯುತ್ತದೆ, ಆ ಮೂರು ದಿನದಲ್ಲಿ ಒಳ್ಳೆಯ ಮುಹೂರ್ತವಿಲ್ಲ, ಅಧಿಕ ಕಳೆದು ನಿಜ ಮಾಸದಲ್ಲಿ ಮಾಡೋಣ ಎಂದರು. ಅಂದರೆ ಒಂದೂವರೆ ತಿಂಗಳು. ಸ್ಪೀಕರಿನಲ್ಲಿ ಇಟ್ಟಿದ್ದರು, ನಾನೂ ಕೇಳಿಸಿಕೊಂಡೆ. ಅವರು ಹೇಳಿದ್ದು ಅಡಿಗೆಯ ಎಣ್ಣೆ ಈ ವಾರ ಬಂದಿಲ್ಲ ಎನ್ನುವಷ್ಟು ಸಲೀಸಾಗಿ.

ಒಂದೂವರೆ ತಿಂಗಳು ನಾನು ಹೊಸ್ತಿಲ ಈಚೆ ಇದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಸೊಸೆ ನಾನು ಎದ್ದಲ್ಲೆಲ್ಲ ಕುರ್ಚಿ ತಂದಿಡುತ್ತಿದ್ದಳು. ಮೊಮ್ಮಗಳು ತನ್ನ ಫೋನಿನಲ್ಲಿ ಸ್ವಿಟ್ಜರ್ಲೆಂಡಿನ ಗುಡ್ಡಗಳನ್ನು ತೋರಿಸುತ್ತಿದ್ದಳು, ಅಜ್ಜೀ ಇದನ್ನ ನೋಡು, ಇದು ನರಗುಂದಕ್ಕಿಂತ ಭಾರಿ ಐತಿ. ಮಗ ದಿನಾ ಊಟಕ್ಕೆ ಬಂದಾಗ ಅವ್ವಾ ಆರಾಮಾ ಎಂದು ಕೇಳುತ್ತಿದ್ದ, ಆರಾಮ ಎನ್ನುತ್ತಿದ್ದೆ. ಬಿಸಿಲಿನ ತಟ್ಟೆ ನೆಲಕ್ಕೆ ಬಂದು ಗೋಡೆ ಹತ್ತಿ ಹೋಗುವುದನ್ನು ನೋಡುತ್ತಿದ್ದೆ. ಬೋರ್ಡಿಂಗಿನಲ್ಲಿ ಚಿಕನ್‌ಪಾಕ್ಸ್ ಬಂದಾಗ ಸಿಕ್‌ರೂಮಿನಲ್ಲಿ ಮೂರು ವಾರ ಇಟ್ಟಿದ್ದರು. ಅಲ್ಲಿ ಕಿಟಕಿಯಾದರೂ ಇತ್ತು.

ಒಂದು ದಿನ ಮಗನನ್ನೇ ಕೇಳಿದೆ. "ಅಲ್ಲೋ, ಕೈ ಎತ್ತಿದ್ರ ನೀವ್ಯಾಕ ಓಡಿ ಬಂದ್ರಿ?"

ಅವನು ತುತ್ತು ನಿಲ್ಲಿಸಿ ನನ್ನನ್ನು ನೋಡಿದ. "ನಿನಗ ಗೊತ್ತಿಲ್ಲೇನ?"

ಗೊತ್ತಿರಲಿಲ್ಲ. ಅವನು ಹೇಳಿದ. ಕಾಳು ಹಸನು ಮಾಡುವ ಮಷಿನ್ ನಡೆಯುವಾಗ ಅಂಗಡಿಯಲ್ಲಿ ಕೂಗಿದ್ದು ಕೇಳುವುದಿಲ್ಲ. ಚೀಲಗಳ ನಿಟ್ಟಿನ ಮೇಲೆ ನಿಂತವನು ಒಂದು ಕೈ ಎತ್ತಿದರೆ ಚೀಲ ಕಳಿಸು ಎಂದು. ಒಂದು ಕೈ ಅಡ್ಡ ಆಡಿಸಿದರೆ ಸಾಕು ಎಂದು. ಎರಡೂ ಕೈ ಎತ್ತಿ, ತಲೆಯ ಮೇಲೆ ಕತ್ತರಿ ಮಾಡಿ, ಕೆಳಗೆ ಬಿಟ್ಟರೆ ನಿಟ್ಟು ಜಾರಿದೆ, ಒಬ್ಬ ಸಿಕ್ಕಿಬಿದ್ದಿದ್ದಾನೆ, ಕೈಯಲ್ಲಿದ್ದದ್ದು ಬಿಟ್ಟು ಬನ್ನಿ ಎಂದು. ಆ ಸನ್ನೆ ಕಂಡ ಮೇಲೆ ಯಾಕೆ ಎಂದು ಕೇಳುವ ಹಮಾಲ ಈ ಪೇಟೆಯಲ್ಲಿಲ್ಲ. "ನೀ ಒಮ್ಮೆ ಅಲ್ಲ, ಎಣಿಸಿದಂಗ ಮಾಡಾಕತ್ತಿದ್ದಿ. ಹಿರ್ಯಾ ಹಮಾಲ ನೋಡಿದವ್ನ, ಅವ್ವಾರು ಗೋಡ್ಯಾಗ ಸಿಕ್ಕಾರ ಅಂದ."

ಗೈಡ್ಸ್‌ನಲ್ಲಿದ್ದಾಗ ಬಾವುಟ ಹಿಡಿದು ಎ ಇಂದ ಜೆಡ್‌ವರೆಗೆ ಸಿಗ್ನಲ್ ಮಾಡುವುದನ್ನು ಬಾಯಿಪಾಠ ಮಾಡಿದ್ದೆ, ಬ್ಯಾಡ್ಜ್ ಕೂಡ ಬಂದಿತ್ತು. ಆ ಸಿಗ್ನಲ್ಲನ್ನು ಬದುಕಿನಲ್ಲಿ ಒಮ್ಮೆಯೂ ಯಾರಿಗೂ ಮಾಡಲಿಲ್ಲ. ಮನೆಯಿಂದ ಐವತ್ತು ಹೆಜ್ಜೆಗೆ ನಮ್ಮವರು ನಲವತ್ತು ವರ್ಷ ಈ ಸನ್ನೆಗಳ ನಡುವೆ ಕುಳಿತಿದ್ದರು. ಮನೆಗೆ ಬಂದ ಮೇಲೆ ಅವರು ಅದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ.

"ಹಂಗಾದ್ರ ತಪ್ಪು ನಂದಲ್ಲ," ಎಂದೆ.

"ತಪ್ಪು ಯಾರ್ದು ಅಂತ ಅಂದ್ನೇನವ್ವಾ? ಈಗ ಗುಡ್ಡದ ಚಿಂತಿ ಬಿಡು."

"ಶಾಂತಿ ಆದ ಮ್ಯಾಲ?"

"ನೋಡೂಣು," ಎಂದು ಮಜ್ಜಿಗೆ ಕುಡಿದು ಎದ್ದ. ನೋಡೂಣು ಎಂದರೆ ಇಲ್ಲ ಎಂದು ಈ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದೆ.

ಮಾಳಿಗೆಗೆ ಹೋಗಲು ಅಡ್ಡಿ ಇರಲಿಲ್ಲ, ಅದು ಹೊಸ್ತಿಲ ಒಳಗಿನ ಲೆಕ್ಕ. ಬೆಳಿಗ್ಗೆ ಆರಕ್ಕೆ ಮೇಲೆ ಹೋಗಿ ನೀರಿನ ಟ್ಯಾಂಕಿನಿಂದ ಪಕ್ಕದ ಮನೆಯ ಗೋಡೆಯವರೆಗೆ ಹನ್ನೊಂದು ಹೆಜ್ಜೆ, ತಿರುಗಿ ಹನ್ನೊಂದು ಹೆಜ್ಜೆ. ಗುಡ್ಡ ಎದುರಿಗೇ ಇರುತ್ತಿತ್ತು. ಒಂದು ದಿನ ಅಕ್ಕ ಗೋಡೆ ಹಿಡಿದು ಹಿಡಿದು ಮೇಲೆ ಬಂದಳು. ಮಂಡಿ ನೋವಿನವಳು, ಬರುವುದಿಲ್ಲ ಎಂದುಕೊಂಡಿದ್ದೆ. ಬಂದವಳು ಮೂಲೆಯಲ್ಲಿದ್ದ ಒಂದು ಮಣೆಯನ್ನು ಎಳೆದುಕೊಂಡು ಕುಳಿತಳು. ಆ ಮಣೆ ಅಲ್ಲಿ ಯಾಕಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಗುಡ್ಡದ ಕಡೆ ಮುಖ ಮಾಡಿ ಮಂಡಿ ತಿಕ್ಕಿಕೊಂಡಳು. ಆಮೇಲೆ ಅವಳು ಕೇಳಿದಳು. "ಖರೇ ಹೇಳು. ಮ್ಯಾಲ ಏನೈತಿ?"

ನಾನು ಹೇಳಿದೆ. ಬಿದ್ದ ಗೋಡೆ, ಹೊಂಡ, ಕಳ್ಳಿ. ಕಾಲುವೆ ಹೇಗೆ ಕಾಣುತ್ತದೆ, ಬೆಳಗಿನ ಬಸ್ಸು ಎಷ್ಟು ಸಣ್ಣದಾಗಿ ತಿರುವಿನಲ್ಲಿ ತಿರುಗುತ್ತದೆ, ಕುಸುಬೆ ಹೂವಾದಾಗ ಹೊಲ ಎಂಥ ಬಣ್ಣ. ನನಗೆ ತಿಳಿದಷ್ಟು ಚೆನ್ನಾಗಿ ಹೇಳಿದೆ.

"ಅಷ್ಟೇನಾ?" ಎಂದಳು.

"ಅಷ್ಟಽ."

"ನಾ ಇನ್ನೂ ಏನೇನೋ ಐತಿ ಅನ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂರು ವರ್ಷ ದಿನಾ ಇಲ್ಲಿಂದ ನಿನ್ನ ನೋಡೀನಿ, ಗೊತ್ತೇನ? ನೀ ಹಿತ್ತಲ ಬಾಗಲಾ ಹಾಕಿದ್ದು ಕೇಳಿ ಎದ್ದು ಬರತಿದ್ದೆ. ಮ್ಯಾಲ ನಿನ್ನ ಬಿಳೀ ಸೀರಿ ಕಂಡ ಮ್ಯಾಲನ ಕೆಳಗಿಳದು ಛಾ ಕುಡೀತಿದ್ದೆ. ಕಾಣೂತನ ಗಂಟಲದಾಗ ಇಳೀತಿದ್ದಿಲ್ಲ."

ಕಣ್ಣು ತುಂಬಿ ಬಂದದ್ದು ನಿಜ. ಅವಳು ನೋಡಬಾರದಿತ್ತು ಎನಿಸಿದ್ದೂ ನಿಜ. ಆ ಮೂರು ವರ್ಷ, ಬದುಕಿನಲ್ಲಿ ಮೊದಲ ಸಲ ಒಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ವಾಟ್ ಎ ವ್ಯೂ ಎಂದು ಗಾಳಿಗೆ ಹೇಳಿದ ದಿನವೂ ಇಲ್ಲೊಬ್ಬಳು ಮಣೆಯ ಮೇಲೆ ಕುಳಿತು ಮುಂದಿನ ಸಿಸ್ಟರೂ ಹಿಂದಿನ ಸಿಸ್ಟರೂ ತಾನೇ ಆಗಿದ್ದಳು. ಸಾಲು ಬಿಟ್ಟು ನಾನು ಹೊರಗೆ ಬಂದೇ ಇರಲಿಲ್ಲ.

"ಒಮ್ಮೆ ನೀನೂ ಬಾ ಅಕ್ಕಾ. ನಾಕು ಮೆಟ್ಟಲಾ ಆದ್ರೂ."

"ಈಗ್ಯಾಕ? ಹೇಳಿದ್ಯಲ್ಲ ಏನೈತಿ ಅಂತ," ಎಂದು ಮಂಡಿ ಹಿಡಿದು ಎದ್ದಳು.

ಅಧಿಕ ಮಾಸ ಮುಗಿಯಿತು, ಶಾಂತಿಯೂ ಆಯಿತು. ಹೊಗೆಯಲ್ಲಿ ಕುಳಿತು ಕಣ್ಣು ಕೆಂಪು ಮಾಡಿಕೊಂಡು ನಾನು ಅಧಿಕೃತವಾಗಿ ಬದುಕಿದವಳಾದೆ. ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಹೋದರೆ ಹೊಸ ಕೀಲಿ. ಸೊಸೆ ಮುಖ ಕೆಳಗೆ ಹಾಕಿ, "ಕಳ್ಳರ ಕಾಟ ಭಾಳ ಆಗೇತಂತ್ರಿ ಅತ್ತಿ," ಎಂದಳು. ಆ ಓಣಿಯಲ್ಲಿ ಕಳ್ಳ ಬಂದದ್ದು ನಾನು ಕೇಳಿಲ್ಲ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿಸಿದವನು ಅಂಗಡಿಗೆ ಹೋಗಿದ್ದ.

ಮುಂದಿನ ರವಿವಾರ ಮಗ ಕಾರು ತೊಳೆಸಿದ. "ಗುಡ್ಡ ಬೇಕಲ್ಲವ್ವಾ ನಿನಗ? ಗಜೇಂದ್ರಗಡಕ್ಕ ಹೋಗೂಣು. ಇದಕ್ಕಿಂತ ದೊಡ್ಡದು. ಗಾಡಿ ಹೋಗೂತನ ಗಾಡ್ಯಾಗ ಹೋಗೂಣು, ಕಾಲಿಗೆ ತ್ರಾಸಿಲ್ಲ." ಅವನು ಸಂತೋಷದಿಂದಿದ್ದ. ಇದಕ್ಕೊಂದು ಸೊಲ್ಯೂಷನ್ ಸಿಕ್ಕಿತು ಎಂಬ ಸಂತೋಷ. ನಾವು ಆರು ಜನ, ಹಿಂದೆ ಬುತ್ತಿಯ ಡಬ್ಬಿಗಳು. ಮಧ್ಯದ ಸೀಟಿನಲ್ಲಿ ಸೊಸೆ ಮತ್ತು ಮೊಮ್ಮಗಳ ನಡುವೆ ನನ್ನನ್ನು ಕೂರಿಸಿದರು, ಬದಿಗೆ ಕೂತರೆ ಗಾಳಿ ಬಡಿಯುತ್ತದೆಂದು. ಗಾಜು ಏರಿಸಿ ಎ.ಸಿ. ಹಾಕಿದರು.

ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಹತ್ತಿರ ಕಾರು ಅರ್ಧ ತಾಸು ಸಿಕ್ಕಿಕೊಂಡಿತು. ಒಂದು ಅಂಗಡಿಯಲ್ಲಿ ಸೊಸೆ ಮಗ್ಗದ ಸೀರೆ ನೋಡಿದಳು. ಮೇಲೆ ಹೋದೆವು. ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು, ಆ ದೊಡ್ಡ ರೆಕ್ಕೆಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಸದ್ದಿರಬೇಕು, ಗಾಜಿನೊಳಗೆ ಕೇಳುತ್ತಿರಲಿಲ್ಲ. ಕಾರು ನಿಂತಾಗ ಮಗ, "ಧೂಳ ಭಾಳ ಐತಿ, ಅವ್ವ ಒಳಗ ಇರ್ಲಿ," ಎಂದ. ಅವರೆಲ್ಲ ಇಳಿದು ಕೋಟೆಯ ಗೋಡೆಗೆ ಬೆನ್ನು ಮಾಡಿ ಫೋಟೋ ತೆಗೆದುಕೊಂಡರು. ಆಮೇಲೆ ಮೊಮ್ಮಗಳು ಗಾಜಿನ ಹೊರಗಿನಿಂದ ನನ್ನದೂ ಒಂದು ತೆಗೆದಳು. ಮನೆಗೆ ಬಂದ ಮೇಲೆ ತೋರಿಸಿದಳು: ಗಾಜಿನ ಮೇಲೆ ಕೋಟೆಯ ನೆರಳು ಬಿದ್ದಿತ್ತು, ಅದರ ಹಿಂದೆ ಒಂದು ಮುಖ. ಬೋರ್ಡಿಂಗಿಗೆ ಬಿಡಲು ಹೋದ ದಿನದ ನನ್ನ ಹಳೆಯ ಫೋಟೋದಲ್ಲೂ ಮುಖ ಹೀಗೆಯೇ ಇದೆ, ಬಾಯಿ ನಕ್ಕಿದೆ.

"ಖುಷಿ ಆತಿಲ್ಲವ್ವಾ?" ಎಂದು ಮಗ ಕೇಳಿದ.

"ಭಾಳ ಚಲೋ ಇತ್ತು."

ಅವತ್ತು ರಾತ್ರಿಯೇ ತೀರ್ಮಾನಿಸಿದೆ. ಇಲ್ಲವೆಂದು ಯಾರೂ ಹೇಳದ ಮನೆಯಲ್ಲಿ ಹೌದೆನ್ನಿಸಿಕೊಳ್ಳಲು ಒಂದೇ ಜಾಗವಿತ್ತು.

ಬುಧವಾರ ಒಂಬತ್ತಕ್ಕೆ, ಪೇಟೆ ತುಂಬಿದ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮುಂಬಾಗಿಲಿನಿಂದ ಹೊರಟೆ. ಆ ಐವತ್ತು ಹೆಜ್ಜೆ ಇಟ್ಟೆ. ಐವತ್ತಲ್ಲ, ಅರವತ್ತೆರಡು, ಇಷ್ಟು ವರ್ಷ ಬರೀ ಅಂದಾಜು. ಅಂಗಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ರೈತರು ಕುಳಿತಿದ್ದರು. ಮಷಿನ್ ನಡೆಯುತ್ತಿತ್ತು. ನಿಟ್ಟಿನ ಮೇಲಿದ್ದವನು ನನ್ನನ್ನು ಕಂಡು ಒಂದು ಕೈ ಅಡ್ಡ ಆಡಿಸಿದ, ಮಷಿನ್ ನಿಂತಿತು.

ಗಾದಿಯ ಮೇಲಿದ್ದ ಮಗ ಎದ್ದು ನಿಂತ. "ಅವ್ವಾ? ಏನಾತು?"

"ಏನೂ ಇಲ್ಲ. ಗುಡ್ಡಕ್ಕ ಹೋಗಿ ಬರ್ತೀನಿ. ಹೇಳಿ ಹೋಗೂಣು ಅಂತ ಬಂದೆ."

ಅವನು ನನ್ನನ್ನು ನೋಡಿದ, ರೈತರನ್ನು ನೋಡಿದ. ಎಲ್ಲರೆದುರು ತಾಯಿಗೆ ಬ್ಯಾಡ ಎನ್ನುವ ಅಡತಿಯವನ ಕಟ್ಟೆಗೆ ನಾಳೆ ಯಾರು ಬಂದು ಕೂರುತ್ತಾರೆ? ಇದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಾಯಿತು. ಮುಖ ಕೆಂಪಾಯಿತು.

ಕಟ್ಟೆಯ ಮೇಲಿದ್ದ ರುಮಾಲಿನ ಮುದುಕನೊಬ್ಬ, "ಹೋಗ್ಲಿ ಬಿಡ್ರಿ ಸಾವಕಾರ್ರ. ಕಾಲು ಇರೂತನ ಅಡ್ಡಾಡಬೇಕು," ಎಂದ.

"ಫೋನ್ ತಗೊಂಡೀಯಿಲ್ಲ?" ಎಂದ ಮಗ.

"ತಗೊಂಡೀನಿ."

"ಅವ್ವಾರ," ಎಂದ ಹಿರಿಯ ಹಮಾಲ, ಚೀಲಕ್ಕೆ ಒರಗಿದ್ದವನು, "ಬೇಕಾದ್ದು ಮಾಡ್ರಿ, ಕೈ ಮಾತ್ರ ಎತ್ತಬ್ಯಾಡ್ರಿ. ನನ್ನ ಹೆಗಲ ಇನ್ನೂ ಆರಿಲ್ಲ." ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮಗ ನಗಲಿಲ್ಲ.

ಒಂದೂವರೆ ತಿಂಗಳಿಗೂ ಹೆಚ್ಚು ಕೂತ ಕಾಲು. ಮೊದಲ ಮೂವತ್ತು ಮೆಟ್ಟಿಲಿಗೇ ತೊಡೆ ನಡುಗಿತು. ಮೋಡವಿತ್ತು, ಗಾಳಿ ಇತ್ತು. ಮೊದಲೆಲ್ಲ ಹತ್ತುವಾಗ ಹೊಲದ ಕಡೆ ನೋಡುತ್ತಿದ್ದೆ. ಅವತ್ತು ಹತ್ತು ಮೆಟ್ಟಿಲಿಗೊಮ್ಮೆ ನನಗೇ ತಿಳಿಯದೆ ಊರಿನ ಕಡೆ ಕತ್ತು ತಿರುಗುತ್ತಿತ್ತು. ಮಾಳಿಗೆಗಳ ಮೇಲೆ ತಲೆಗಳು. ನಮ್ಮ ಮಾಳಿಗೆಯ ಮೇಲೆ ಒಂದು. ಅಂಗಡಿಯ ಮುಂದೆ ಲಾರಿಯ ಮೇಲೆ ನಿಂತ ಒಬ್ಬ, ಚೀಲ ಹಿಡಿಯುವುದನ್ನು ಬಿಟ್ಟು ಈ ಕಡೆ ಮುಖ ಮಾಡಿದ್ದ. ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದೆ, ಎಡವದ ಹಾಗೆ. ವಿಶ್ರಾಂತಿಗೆ ಕೂರಬೇಕೆನಿಸಿದರೂ ಕೂರಲಿಲ್ಲ. ಕೂತರೆ ಕುಸಿದಳು ಎಂದು ಯಾರು ಹೊರಸು ಎತ್ತುತ್ತಾರೋ.

ಅರ್ಧದಲ್ಲಿ ಒಂದು ಹಳೆಯ ಬಾಗಿಲಿದೆ. ಬಾಗಿಲೆಂದರೆ ಕದವಿಲ್ಲ, ಎರಡು ದಪ್ಪ ಗೋಡೆ ಮತ್ತು ನಡುವೆ ಒಂದು ತಿರುವು. ಮೂರು ವರ್ಷ ಅದನ್ನು ದಾಟಿ ಹೋಗಿದ್ದೇನೆ, ನಿಂತವಳಲ್ಲ. ಅವತ್ತು ತೊಡೆ ಇನ್ನು ಆಗದು ಎಂದಾಗ ಅದರೊಳಗೆ ಹೋಗಿ ಗೋಡೆಗೆ ಒರಗಿ ಕುಳಿತೆ. ಕುಳಿತ ಮೇಲೆ ತಿಳಿಯಿತು, ಊರು ಇಲ್ಲ. ಒಂದು ಮಾಳಿಗೆಯೂ ಇಲ್ಲ. ಎದುರು ಗೋಡೆಯ ಕಲ್ಲು ಬಿದ್ದ ಸಂದಿನಲ್ಲಿ ಒಂದು ತುಂಡು ಹೆಸರುಕಾಳಿನ ಹೊಲ, ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದ ಒಂದು ಜೋಡಿ ಎತ್ತು, ಅಷ್ಟೇ.

ಫೋನು ಬಡಿಯಿತು.

"ಅವ್ವಾ, ಎಲ್ಲಿದ್ದೀ? ಕಾಣವಲ್ಲಿ."

"ಬಾಗಲದಾಗ ಕುಂತೀನಿ."

"ಬಿದ್ದೀಯೇನ?"

"ಕುಂತೀನಿ ಅಂದ್ನಲ್ಲಪಾ."

"ಸ್ವಲ್ಪ ಈ ಕಡೆ ಬಂದು ನಿಂದ್ರು. ದೊಡ್ಡವ್ವ ಮಾಳಗಿ ಮ್ಯಾಲಿಂದ ಎರಡ ಸಲ ಫೋನ್ ಮಾಡಸ್ಯಾಳ. ಹಮಾಲರು ಕೆಲಸ ನಿಲ್ಲಿಸ್ಯಾರ."

"ಐದು ಮಿನಿಟ್ ತಡಿ."

"ಯಾಕ?"

ಯಾಕೆ ಎಂದು ಹೇಳಲು ನನಗೆ ಕನ್ನಡದಲ್ಲೂ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. "ಐದು ಮಿನಿಟ್," ಎಂದು ಮತ್ತೆ ಹೇಳಿದೆ. ಅವನ ಹಿಂದೆ ಯಾರೋ ಏನಂತರಿ ಎಂದು ಕೇಳುವುದು ಕೇಳಿಸಿತು. "ಐದು ಮಿನಿಟ್ ಅಂತ," ಎಂದು ಅವರಿಗೆ ಹೇಳಿ ಫೋನು ಇಟ್ಟ.

ಎತ್ತುಗಳು ಸಂದಿನ ಎಡಕ್ಕೆ ಹೋಗಿ ಮರೆಯಾದವು, ಸ್ವಲ್ಪ ಹೊತ್ತಿಗೆ ತಿರುಗಿ ಬಲಕ್ಕೆ ಬಂದವು. ಒಂದು ಹನಿ ಮಳೆ ಕೈಮೇಲೆ ಬಿತ್ತು. ಕಾಲು ಚಾಚಿದೆ, ಸೀರೆ ಮೊಣಕಾಲಿನವರೆಗೆ ಸರಿದರೂ ಎಳೆದುಕೊಳ್ಳಲಿಲ್ಲ. ಪೋಸ್ಚರ್ ಬಿಟ್ಟು, ಬೆನ್ನು ಗೂನು ಮಾಡಿ ಕುಳಿತೆ. ಎತ್ತು ಮೂರನೆಯ ಸಲ ಬರುವ ಮೊದಲೇ ಫೋನು ಮತ್ತೆ ಬಡಿಯಿತು. ಎತ್ತಲಿಲ್ಲ. ಎದ್ದು, ಸೀರೆ ಝಾಡಿಸಿಕೊಂಡು, ಊರಿಗೆ ಕಾಣುವ ಮೆಟ್ಟಿಲಿಗೆ ಬಂದು ನಿಂತೆ. ಲಾರಿಯ ಮೇಲಿದ್ದವನು ತಿರುಗಿ ಚೀಲ ಹಿಡಿಯತೊಡಗಿದ.

ಈಗ ದಿನಾ ಹೀಗೆಯೇ. ಹಿತ್ತಲ ಕೀಲಿ ಹಾಗೆಯೇ ಇದೆ, ನಾನು ಮುಂಬಾಗಿಲಿನಿಂದ, ಅಂಗಡಿಯ ಮುಂದೆ ಹೇಳಿ ಹೋಗುತ್ತೇನೆ. ತುದಿಯವರೆಗೆ ಹೋಗುವುದಿಲ್ಲ, ಅಲ್ಲಿ ಎಲ್ಲಿ ನಿಂತರೂ ಯಾವುದೋ ಒಂದು ಮಾಳಿಗೆಗೆ ಕಾಣುತ್ತೇನೆ. ಬಾಗಿಲವರೆಗೆ ಹೋಗಿ ಕೂರುತ್ತೇನೆ. ಐದು ನಿಮಿಷಕ್ಕೆ ಫೋನು ಬರುತ್ತದೆ. ನಿನ್ನೆ ನಾಲ್ಕು ನಿಮಿಷಕ್ಕೇ ಬಂತು.